ಬಾಣಂತಿಯ ಮನಸ್ಸು ಕದಡಿದಾಗ

"ಇದು ನನ್ನ ಮಗುವಲ್ಲ, ಯಾರೋ ಬದಲಾಯಿಸಿದ್ದಾರೆ" ಎಂದು ಹೆತ್ತು ವಾರವಾದ ತಾಯಿ ಹೇಳಿದರೆ ಮನೆಯವರು ದಿಗಿಲುಗೊಳ್ಳುತ್ತಾರೆ. ಜಿನ್ನ್ ಬಾಧೆಯೆಂದು ತಾವೀಝ್‌ಗಾಗಿ ಓಡುವವರೂ ಇದ್ದಾರೆ. ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದ ತೊಂದರೆಗಳಲ್ಲಿ ಇದೂ ಒಂದು. ವೈದ್ಯರು ಇದನ್ನು ಪೋಸ್ಟ್‌ಪಾರ್ಟಂ ಸೈಕೋಸಿಸ್ ಎನ್ನುತ್ತಾರೆ.

ಇದು ವಿರಳ ಕಾಯಿಲೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸುತ್ತದೆ. ಹೆಚ್ಚಾಗಿ ಮೊದಲ ಎರಡು ವಾರಗಳಲ್ಲೇ ಆರಂಭವಾಗುತ್ತದೆ. ಹೆರಿಗೆಯಾದ ಮೂರು-ನಾಲ್ಕನೇ ದಿನ ಸುಮ್ಮನೆ ಅಳು ಬರುವುದು ಸಾಮಾನ್ಯ, ಅದು ತಾನಾಗಿ ಕಳೆಯುತ್ತದೆ. ಆದರೆ ಇಲ್ಲಿ ಬಾಣಂತಿಗೆ ನಿದ್ದೆಯೇ ಬರುವುದಿಲ್ಲ. ಅತಿಯಾದ ಮಾತು, ಗೊಂದಲ, ಮನೆಯವರ ಮೇಲೆ ಸಂಶಯ, ಇಲ್ಲದ ಧ್ವನಿ ಕೇಳಿಸುವುದು ಇದರ ಲಕ್ಷಣಗಳು. ಹಿಂದೆ ಬೈಪೋಲಾರ್ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು.

ಆಕೆ ತನಗೋ ಮಗುವಿಗೋ ಹಾನಿ ಮಾಡಿಕೊಳ್ಳಬಹುದು. ಆದ್ದರಿಂದ ತಾಯಿ-ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ವಿಭಾಗವಿದೆ. ಸಲಹೆಗೆ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಸಕಾಲದಲ್ಲಿ ಔಷಧ ಸಿಕ್ಕರೆ ಹೆಚ್ಚಿನವರು ಪೂರ್ಣ ಗುಣಮುಖರಾಗುತ್ತಾರೆ. ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಾಧ್ಯತೆ ಇರುವುದರಿಂದ ಗರ್ಭಿಣಿಯಾದಾಗಲೇ ವೈದ್ಯರಿಗೆ ತಿಳಿಸಬೇಕು.

"ಹುಚ್ಚಿ" ಎಂದು ಸೊಸೆಯನ್ನು ತವರಿಗೆ ಅಟ್ಟುವುದು ಅನ್ಯಾಯ. ಇದು ಆಕೆಯ ತಪ್ಪೂ ಅಲ್ಲ, ಈಮಾನಿನ ಕೊರತೆಯೂ ಅಲ್ಲ. ರೋಗಕ್ಕೆ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ದುಆ ಮಾಡೋಣ, ಜೊತೆಗೆ ವೈದ್ಯರಲ್ಲಿಗೂ ಹೋಗೋಣ.