ಕೀಲಿ ಸಿಗಲಿಲ್ಲಂತ ಬಾಗಲಾನ ಕಿತ್ತಿಡೂದ?

ಒಂದು ಕಂಪ್ಯೂಟರಿನ್ಯಾಗಿನ ಫೋಟೊ ಮನ್ಯಾಗಿನ ಇನ್ನೊಂದರಾಗ ಕಾಣವಲ್ದು ಅಂದಕೂಡಲೇ ರಿಪೇರಿಯವರು ಮಾಡೋದು ಏನ್ರಿ? ಫೈರ್‌ವಾಲ್ ಬಂದ್, ಪಾಸ್‌ವರ್ಡ್ ಬಂದ್. "ಆತು ನೋಡ್ರಿ ಅಕ್ಕಾರ" ಅಂತ ರೊಕ್ಕಾ ತಗೊಂಡು ಹೋಗ್ತಾರ. ನನಗ ಇದು ಖರೇನ ಸೇರೂದಿಲ್ಲ.

ನಮ್ಮ ವೈಫೈ ಪಾಸ್‌ವರ್ಡ್ ಬಾಜೂಮನಿ ಹುಡುಗರಿಂದ ಹಿಡದು ಹಬ್ಬಕ್ಕ ಬಂದ ಬೀಗರ ತನಕ ಎಲ್ಲಾರ ಫೋನಿನ್ಯಾಗ ಅದ. ಕಂಪ್ಯೂಟರಿನ್ಯಾಗ ಫೋಟೊ ಅಷ್ಟ ಅಲ್ಲ, ಆಧಾರ್, ಪಾಸ್‌ಬುಕ್ಕು, ಮನಿ ಕಾಗದಪತ್ರನೂ ಸ್ಕ್ಯಾನ್ ಮಾಡಿ ಇಟ್ಟಿರತೀವಿ.

ವಿಂಡೋಸ್‌ನ್ಯಾಗ ತೊಡಕು ಭಾಳ ಸಲ ಸಣ್ಣದ ಇರತದ. ಸೆಟ್ಟಿಂಗ್ಸ್‌ನ್ಯಾಗ ಮನಿ ವೈಫೈ 'ಪಬ್ಲಿಕ್' ಅಂತ ಬಿದ್ದಿರತದ. ಅದನ್ನ 'ಪ್ರೈವೇಟ್' ಮಾಡಿ, ನೆಟ್‌ವರ್ಕ್ ಡಿಸ್ಕವರಿ, ಫೈಲ್ ಶೇರಿಂಗ್ ಎರಡೂ ಆನ್ ಮಾಡ್ರಿ. ಒಂದು ಕಂಪ್ಯೂಟರ್ ರೌಟರಿನ 'ಗೆಸ್ಟ್' ವೈಫೈದಾಗ ಇದ್ರ ಸಾಮಾನ್ಯವಾಗಿ ಒಂದಕ್ಕೊಂದು ಕಾಣಂಗಿಲ್ಲ. ಆ ಕಡೆದು ನಿದ್ದಿ ಹೋಗಿದ್ರಂತೂ (ನಮ್ಮನಿಯವರಂಗ) ಎಷ್ಟು ಕರದ್ರೂ ಓ ಅನ್ನೂದಿಲ್ಲ.

ಇನ್ನ ಹೆಸರು, ಪಾಸ್‌ವರ್ಡ್ ಕೇಳಿದಾಗ ದಿನಾ ಒತ್ತೋ ಪಿನ್ ನಡಿಯೂದಿಲ್ಲ. ಫೋಲ್ಡರ್ ಇರೋ ಕಂಪ್ಯೂಟರಿನ ಖಾತೆದ ಪಾಸ್‌ವರ್ಡೇ ಬೇಕು. ಎಲ್ಲಾರೂ ಜಗ್ಗೂದು ಇಲ್ಲೇ. ಶೇರಿಂಗಿಗಂತನ ಅದರಾಗ ಬ್ಯಾರೆ ಒಂದು ಖಾತೆ ತಗದು, ಪಾಸ್‌ವರ್ಡ್ ಹಾಕಿ, ಫೋಟೊ ಫೋಲ್ಡರ್ ಅಷ್ಟ ಅದಕ್ಕ ಕೊಡ್ರಿ.

"ಎಸ್‌ಎಂಬಿ 1 ಹಾಕಿದ್ರ ಆಗತದ" ಅಂದ್ರ ಬ್ಯಾಡ ಅನ್ರಿ. ಅದು ಹಳೇ ಶೇರಿಂಗ್ ಪದ್ಧತಿ. 2017ರಾಗ ವಾನಾಕ್ರೈ ಅನ್ನೋ ಪಿಡುಗು ಜಗತ್ತೆಲ್ಲಾ ಹಬ್ಬಿದ್ದು ಅದರಾಗಿನ ತೂತಿನಿಂದ.

ರಿಪೇರಿಯವರು ಬಂದಾಗ ಚಹಾ ಕೊಡ್ರಿ, ಬಾಜೂಕ ಕುರ್ಚಿ ಹಾಕ್ಕೊಂಡು ಕೂಡ್ರಿ, ಏನೇನು ಬಂದ್ ಮಾಡಿದ್ರಿ ಅಂತ ಒಂದೊಂದ ಕೇಳ್ರಿ.