ಮೋಡಕ್ಕೂ ಕನ್ನಡ ಬರಬೇಕು!



ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಪ್ಲಾಟ್‌ಫಾರಂ ಅಂದರೆ ತಂಬಾಕು ಹರಾಜು ನಡೆಯುವ ಜಾಗ. ರೈತ ಬೇಲು ಇಳಿಸಿ, ಇವತ್ತು ರೇಟು ಏನಾಗುತ್ತದೋ ಎಂದು ಎದೆ ಹಿಡಿದುಕೊಂಡು ನಿಲ್ಲುವ ಜಾಗ. ಪಕ್ಕದ ಕೆ.ಆರ್. ನಗರದವರಿಗೆ ಮಾತ್ರ ಅದು ರೈಲು ನಿಲ್ಲುವ ಜಾಗ. ನಮ್ಮ ಮೂರು ತಾಲ್ಲೂಕಿಗೆ ರೈಲೇ ಇಲ್ಲ, ಆ ಮಾತು ಇನ್ನೊಮ್ಮೆ.

ಹೋದ ವರ್ಷ ಬೆಂಗಳೂರಿನಲ್ಲಿ ಮೂರನೆಯ ಬಗೆಯ ಪ್ಲಾಟ್‌ಫಾರಂ ನೋಡಿಬಂದೆ. ಕ್ಲೌಡ್ ಪ್ಲಾಟ್‌ಫಾರಂ ಅಂತೆ! ದೊಡ್ಡ ಕಂಪನಿಯೊಂದು ಡೆವಲಪರ್‌ಗಳಿಗಾಗಿ ನಡೆಸಿದ ಸಮಾವೇಶ. ಅಕ್ಕನ ಮಗ ಆ ಕೆಲಸದಲ್ಲಿದ್ದಾನೆ. "ಮಾವ, ನಿಮ್ಮ ಪ್ರೆಸ್ಸಿಗೂ ಉಪಯೋಗ ಆಗುತ್ತೆ, ಬನ್ನಿ" ಎಂದು ಕರೆದ. ಪಿಯುಸಿ ಓದಿ, ಅಪ್ಪನ ಜೊತೆ ಮೊಳೆ ಜೋಡಿಸಿ ಕೈ ಕಪ್ಪು ಮಾಡಿಕೊಂಡ ನಾನು ಕೊರಳಿಗೆ ಬ್ಯಾಡ್ಜು ನೇತುಹಾಕಿಕೊಂಡು ಒಳಗೆ ಹೋದೆ.

ಒಳಗೆ ಏನಿತ್ತು? ಸಿನಿಮಾ ಟಾಕೀಸಿಗಿಂತ ದೊಡ್ಡ ಪರದೆ. ಸಾಲು ಸಾಲು ಮಳಿಗೆ. ಏನಿರಲಿಲ್ಲ? ಕನ್ನಡದ ಒಂದಕ್ಷರ! 'ಸ್ವಾಗತ' ಎಂಬ ಮೂರಕ್ಷರಕ್ಕೂ ಬಡತನ. 2024ರಲ್ಲಿ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು ಕಾನೂನಾಯಿತು. ಬಾಗಿಲಾಚೆಯ ಫಲಕಕ್ಕೆ ಕಾನೂನು ಉಂಟು, ಬಾಗಿಲೊಳಗಿನ ಮಾತಿಗೆ?

ಬೆಳಗ್ಗೆಯೆಲ್ಲ ಇಂಗ್ಲಿಷಿನ ಉಪನ್ಯಾಸ ಕೇಳಿದೆ. ತಲೆಗೆ ಹೋಗಲಿಲ್ಲ. ಊಟದ ಸಾಲಿನಲ್ಲಿ ನಿಂತಾಗ ಗುಟ್ಟು ಗೊತ್ತಾಯಿತು. ಮುಂದೆ ಇದ್ದವನು ಮಂಡ್ಯದವನು, ಹಿಂದೆ ಇದ್ದವಳು ಹಾಸನದವಳು, ತಟ್ಟೆ ಹಿಡಿದು ನಕ್ಕವನು ನಮ್ಮ ಪಿರಿಯಾಪಟ್ಟಣದ ಹುಡುಗ! ಸಾಲಿನಲ್ಲಿ ಕನ್ನಡ, ವೇದಿಕೆ ಹತ್ತಿದರೆ ಇಂಗ್ಲಿಷ್. ಆ ಹುಡುಗನನ್ನೇ ಕೇಳಿದೆ, ಈ ಕ್ಲೌಡ್ ಅಂದರೆ ಏನಪ್ಪಾ?

"ಅಣ್ಣಾ, ನಾಲ್ಕು ಬಣ್ಣದ ಲಗ್ನಪತ್ರಿಕೆ ಬಂದರೆ ಏನು ಮಾಡ್ತೀರಿ?"

"ಮೈಸೂರಿನ ಆಫ್‌ಸೆಟ್ ಪ್ರೆಸ್ಸಿಗೆ ಕಳಿಸ್ತೀನಿ."

"ಮೆಷಿನ್ನು ಅವರದು, ಕರೆಂಟು ಅವರದು, ರಿಪೇರಿ ಅವರದು. ಹೊಡೆದಷ್ಟು ಪ್ರತಿಗೆ ನೀವು ದುಡ್ಡು ಕೊಡ್ತೀರಿ. ಕ್ಲೌಡೂ ಅಷ್ಟೇ. ಕಂಪ್ಯೂಟರು ಅವರದು, ಬಾಡಿಗೆ ಗಂಟೆ ಲೆಕ್ಕ."

ಇಷ್ಟೇ! ಎರಡು ಗಂಟೆ ಇಂಗ್ಲಿಷಿನಲ್ಲಿ ತಿಳಿಯದ್ದು ಅನ್ನ ಸಾರು ಮುಗಿಯುವುದರೊಳಗೆ ಕನ್ನಡದಲ್ಲಿ ತಿಳಿಯಿತು. ಹಾಗಾದರೆ ಈ ಹುಡುಗ ವೇದಿಕೆಯ ಮೇಲೆ ಇದನ್ನೇ ಯಾಕೆ ಹೇಳಬಾರದು?

ತಾಂತ್ರಿಕ ವಿಷಯಕ್ಕೆ ಕನ್ನಡ ಸಾಲದು ಎನ್ನುವವರಿಗೆ ಒಂದು ಲೆಕ್ಕ. ಅಮೆಜಾನ್ ಕಂಪನಿಯ ಕ್ಲೌಡ್ ಪರೀಕ್ಷೆಗಳನ್ನು ಜಪಾನಿ, ಕೊರಿಯನ್ ಭಾಷೆಗಳಲ್ಲಿ ಬರೆಯಬಹುದು. ದಕ್ಷಿಣ ಕೊರಿಯದ ಜನಸಂಖ್ಯೆ ಸುಮಾರು 5 ಕೋಟಿ. 2011ರ ಜನಗಣತಿಯಲ್ಲಿ ಕನ್ನಡ ತಾಯಿನುಡಿ ಎಂದು ಬರೆಸಿದವರು 4.37 ಕೋಟಿ. ಇಬ್ಬರಿಗೂ ಎಷ್ಟು ಅಂತರ? ಅವರು ಕೇಳಿದರು, ಪಡೆದರು. ನಾವು ಕೇಳಲೇ ಇಲ್ಲ!

ಯಂತ್ರಕ್ಕೆ ಕನ್ನಡ ಬರುವುದಿಲ್ಲವೇ? ಸುಳ್ಳು. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. 2011ರಲ್ಲಿ ಗೂಗಲ್ ಅನುವಾದಕ್ಕೆ ಕನ್ನಡ ಬಂತು. ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿ ನಮ್ಮ ತಾಲ್ಲೂಕು ಕಚೇರಿಯಲ್ಲೇ ಇದೆ. 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ್ದು ಕನ್ನಡದಲ್ಲಿ! ಎಚ್.ಡಿ. ಕೋಟೆಯ ಕಾಡಂಚಿನ ರೈತ ತನ್ನ ಪಹಣಿಯನ್ನು ತಾನೇ ಓದಿಕೊಳ್ಳುತ್ತಾನೆ. ಸರ್ವೇ ನಂಬರ್ ತಪ್ಪಿದ್ದರೆ ಅಲ್ಲೇ ಜಗಳಕ್ಕೆ ನಿಲ್ಲುತ್ತಾನೆ. ಅದೇ ಕಾಗದ ಇಂಗ್ಲಿಷಿನಲ್ಲಿ ಬಂದಿದ್ದರೆ? ಇನ್ನೊಬ್ಬರ ಕೈಗೆ ಕೊಟ್ಟು, ಓದಿಸಿದ್ದಕ್ಕೂ ದುಡ್ಡು ಕೊಟ್ಟು ಬರುತ್ತಿದ್ದ. ನಾಳೆ ಬ್ಯಾಂಕು, ಆಸ್ಪತ್ರೆ, ಗೊಬ್ಬರದಂಗಡಿ ಎಲ್ಲದರ ಲೆಕ್ಕವೂ ಈ ಮೋಡದಲ್ಲೇ ಕೂರುತ್ತದೆ. ಅಲ್ಲಿ ಕನ್ನಡ ಇಲ್ಲದಿದ್ದರೆ ಅನ್ಯಾಯ ಆಗಿದೆ ಎಂಬುದೇ ಅವನಿಗೆ ತಿಳಿಯುವುದಿಲ್ಲ.

ಕಂಪನಿಗಳನ್ನು ಬೈದು ಕೈತೊಳೆದುಕೊಳ್ಳುವಂತಿಲ್ಲ. ನನ್ನ ತಪ್ಪನ್ನೂ ಬರೆಯುತ್ತೇನೆ. ಒಂದು ಮಳಿಗೆಯಲ್ಲಿ, ಯಾವ ಕಡತವನ್ನಾದರೂ ಕೊಡಿ, ಹುಡುಕಿ ಕೊಡುತ್ತೇವೆ ಎಂದರು. ಪೆನ್‌ಡ್ರೈವಿನಲ್ಲಿದ್ದ ನನ್ನ ಹಳೆಯ ಕರಪತ್ರ ಕೊಟ್ಟೆ. ಪರದೆಯ ಮೇಲೆ ಬಂದದ್ದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ನಾನು ಇಪ್ಪತ್ತು ವರ್ಷದಿಂದ ಡಿಟಿಪಿ ಮಾಡುತ್ತಿರುವುದು ಹಳೆಯ ನುಡಿ ಫಾಂಟಿನಲ್ಲಿ. ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಹೊಟ್ಟೆಯೊಳಗೆ ಇಂಗ್ಲಿಷ್ ಸಂಕೇತ. ಕೆ.ಪಿ. ರಾವ್ ಅವರಂಥವರು ಕೀಲಿಮಣೆ ಮಾಡಿಕೊಟ್ಟರು, ಯೂನಿಕೋಡ್ ಬಂದು ಮೂವತ್ತು ವರ್ಷ ದಾಟಿತು, ನಾವು ಪ್ರೆಸ್ಸಿನವರು ಮಾತ್ರ ಹಳೆ ಅಭ್ಯಾಸ ಬಿಡಲಿಲ್ಲ. ನಮ್ಮ ನಾಲ್ಕು ತಾಲ್ಲೂಕಿನ ಎಷ್ಟು ಜಾತ್ರೆಯ ಪತ್ರಿಕೆ, ಸಂಘದ ವರದಿ, ಶಾಲೆಯ ಸಂಚಿಕೆ ಹೀಗೆ ಯಾರೂ ಹುಡುಕಲಾಗದಂತೆ ಹೂತುಹೋಗಿವೆಯೋ! ಬಂದ ವಾರದಿಂದಲೇ ನನ್ನ ಕಡತಗಳನ್ನು ಒಂದೊಂದಾಗಿ ಯೂನಿಕೋಡಿಗೆ ಬದಲಿಸುತ್ತಿದ್ದೇನೆ. ಒತ್ತಕ್ಷರ ಒಡೆದರೆ ಕೂತು ತಿದ್ದುತ್ತೇನೆ.

ಬೆಂಗಳೂರಿನ ಯುವಕ ಯುವತಿಯರೇ, ಧಿಕ್ಕಾರ ಕೂಗಲು ನಮ್ಮಲ್ಲಿ ಜನ ಇದ್ದಾರೆ. ನಿಮ್ಮಿಂದ ಬೇಕಾದ್ದು ಬೇರೆ. ಮುಂದಿನ ಸಮಾವೇಶಕ್ಕೆ ಭಾಷಣಗಾರರನ್ನು ಕರೆದಾಗ, ಕನ್ನಡದಲ್ಲಿ ಮಾತಾಡುತ್ತೇನೆ ಎಂದು ಅರ್ಜಿ ಹಾಕಿ. ಬೇಡ ಎಂದರೆ ಲಿಖಿತ ಕಾರಣ ಕೇಳಿ, ಇದೇ ಪುಟದಲ್ಲಿ ಅಚ್ಚು ಹಾಕೋಣ! ನಿಮ್ಮ ಕಂಪನಿಯ ಆ್ಯಪಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇಲ್ಲದಿದ್ದರೆ ಮೀಟಿಂಗಿನಲ್ಲಿ ಎದ್ದು ನಿಂತು ಕೇಳಿ. ನೀವು ಕೇಳದಿದ್ದರೆ ಹುಣಸೂರಿನಿಂದ ನಾನು ಬಂದು ಕೇಳಲಾದೀತೇ?

ಪಿರಿಯಾಪಟ್ಟಣದ ಆ ಹುಡುಗ ಮಾತು ಕೊಟ್ಟಿದ್ದಾನೆ. ತಿಂಗಳಿಗೊಂದು ಭಾನುವಾರ ಹುಣಸೂರಿಗೆ ಬಂದು, ಪಿಯುಸಿ, ಡಿಪ್ಲೊಮಾ ಓದುವ ಮಕ್ಕಳಿಗೆ ಕ್ಲೌಡ್ ಪಾಠವನ್ನು ಕನ್ನಡದಲ್ಲೇ ಹೇಳುತ್ತಾನೆ. ಜಾಗ ನಮ್ಮ ಪ್ರೆಸ್ಸಿನ ಮುಂದಿನ ಕೋಣೆ. ಕೆ.ಆರ್. ನಗರ, ಕೋಟೆ ಕಡೆಯ ಮಕ್ಕಳೂ ಬರಲಿ. ಕರೆಂಟು ಹೋದರೆ ಯುಪಿಎಸ್ ಇದೆ, ಟೀ ನನ್ನದು.