ಮದುವೆ ಮದ್ದಲ್ಲ

ನಮ್ಮ ಕಡೆಯ ಹಿರಿಯರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ: “ಒಂದು ಲಗ್ನಾ ಮಾಡಿಬಿಡ್ರಿ, ಎಲ್ಲಾ ಸರಿ ಹೋಗತೈತಿ.” ಕುಡಿತಕ್ಕೂ ಅದೇ ಔಷಧ, ಸೋಮಾರಿತನಕ್ಕೂ ಅದೇ ಔಷಧ. ಹೆಣ್ಣಿನತ್ತ ಮನಸ್ಸೇ ಹರಿಯದ ಹುಡುಗನಿಗೂ ಅದೇ ಔಷಧ. ಈ ಔಷಧವು ಯಾರ ಪಾಲಿಗೆ ವಿಷವಾಗುತ್ತದೆ ಎಂಬುದನ್ನು ತೋರಿಸಿದ ಚಲನಚಿತ್ರವೊಂದರ ಬಗ್ಗೆ ನನ್ನ ವಿದ್ಯಾರ್ಥಿಮಿತ್ರರೊಡನೆಯೂ ಬಂಧುಗಳೊಡನೆಯೂ ನಾಲ್ಕು ಮಾತು ಹಂಚಿಕೊಳ್ಳಬೇಕೆನಿಸಿದೆ.

ಚಿತ್ರದ ಹೆಸರು ‘ಮ್ಯಾಂಗೊ ಸೂಫ್ಲೆ’, ತೆರೆಕಂಡದ್ದು 2002ರಲ್ಲಿ. ನಿರ್ದೇಶಕರು ಬೆಂಗಳೂರಿನಲ್ಲಿ ಹುಟ್ಟಿದ ಮಹೇಶ ದತ್ತಾನಿ. ಇಂಗ್ಲಿಷ್ ನಾಟಕಗಳಿಗಾಗಿ 1998ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಮುಂಬೈಯಲ್ಲಿ ನಡೆಯುವ ತಮ್ಮದೇ ನಾಟಕವನ್ನು ಅವರು ತೆರೆಗೆ ತರುವಾಗ ಬೆಂಗಳೂರಿನ ತೋಟದ ಮನೆಗೆ ತಂದರು. ತಾರಾಗಣದಲ್ಲಿರುವ ಅತುಲ್ ಕುಲಕರ್ಣಿಯವರು ನಮ್ಮ ಬೆಳಗಾವಿಯಲ್ಲಿ ಜನಿಸಿದವರು. 2007ರ ‘ಆ ದಿನಗಳು’ ನೋಡಿದವರಿಗೆ ಪರಿಚಿತರು.

ಕಮಲೇಶ ಪ್ರೀತಿಸಿದ್ದು ಪ್ರಕಾಶನನ್ನು. ಪ್ರಕಾಶನೋ ಲೋಕಕ್ಕೆ ಅಂಜಿ ಮದುವೆಯ ಮರೆ ಹುಡುಕುತ್ತಾನೆ. ಅವನು ಆರಿಸಿಕೊಂಡ ವಧು ಕಮಲೇಶನ ಸ್ವಂತ ಸೋದರಿ ಕಿರಣ್! ಇತ್ತ ಕಮಲೇಶನನ್ನೇ ನಂಬಿದ ಶರದನಿಗೆ, ಗೆಳೆಯನ ಮನಸ್ಸು ಇನ್ನೂ ಹಳೆಯ ಪ್ರೀತಿಯಲ್ಲೇ ಇರುವುದನ್ನು ಕಂಡು ಸಂಕಟ. ಕೊನೆಗೆ ಗಂಡಸರಿಬ್ಬರೂ ಜೊತೆಗಿರುವ ಭಾವಚಿತ್ರವೊಂದು ಎಲ್ಲವನ್ನೂ ಬಯಲು ಮಾಡುತ್ತದೆ.

ಇಂಥ ಕಥೆಯಲ್ಲಿ ನಮ್ಮ ಗಮನವೆಲ್ಲ ಆ ಇಬ್ಬರು ಗಂಡಸರತ್ತಲೇ ಹರಿಯುತ್ತದೆ. ನನ್ನನ್ನು ಕಾಡಿದವಳು ಕಿರಣ್. ತಿಳಿದವರೆಲ್ಲ ಮೌನವಾಗಿದ್ದರು, ತಿಳಿಯದವಳು ಅವಳೊಬ್ಬಳೇ. ಅವಳಿಗೆ ಅನ್ಯಾಯವಾದದ್ದು ಆ ಇಬ್ಬರ ಪ್ರೀತಿಯಿಂದಲ್ಲ, ಆ ಪ್ರೀತಿಯನ್ನು ಬಚ್ಚಿಟ್ಟದ್ದರಿಂದ. ವಸುಧೇಂದ್ರರ ‘ಮೋಹನಸ್ವಾಮಿ’ (2013) ಓದಿದವರಿಗೆ, ಗೆಳೆಯ ಕಾರ್ತಿಕ ಮದುವೆಗೆ ಹೊರಟಾಗ ಮೋಹನಸ್ವಾಮಿ ಪಟ್ಟ ವೇದನೆ ನೆನಪಿರಬಹುದು. ಪ್ರೀತಿಯನ್ನು ನಿಷೇಧಿಸಿದರೆ ಪ್ರೀತಿ ಸಾಯುವುದಿಲ್ಲ, ಸುಳ್ಳು ಹುಟ್ಟುತ್ತದೆ.

ಚಿತ್ರ ಬಂದಾಗ ಇಂಥ ಸಂಬಂಧ ಕಾನೂನಿನ ಕಣ್ಣಿನಲ್ಲಿ ಅಪರಾಧವಾಗಿತ್ತು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರು ಪರಸ್ಪರ ಒಪ್ಪಿಗೆಯಿಂದ ಕೂಡಿರುವುದು ಅಪರಾಧವಲ್ಲವೆಂದು ಸಾರಿತು. ಸಲಿಂಗ ವಿವಾಹಕ್ಕೆ ಮಾತ್ರ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮಾನ್ಯತೆ ದೊರೆಯಲಿಲ್ಲ. ಜೈಲಿನ ಭಯ ಹೋಯಿತು. ಮನೆಯ ಭಯ ಹೋಗಿಲ್ಲ.

ಸವದತ್ತಿಯ ಗುಡ್ಡ ನಮಗೆ ದೂರದ್ದಲ್ಲ. ಅಲ್ಲಿ ಸೀರೆಯುಟ್ಟ ಜೋಗಪ್ಪಗಳ ಕಾಲಿಗೆರಗಿ ಭಂಡಾರ ಹಚ್ಚಿಸಿಕೊಳ್ಳುತ್ತೇವೆ. ಜೋಗಪ್ಪಗಳ ಬಾಳು ಬೇರೆ, ಕಮಲೇಶನಂಥವರ ಪ್ರೀತಿ ಬೇರೆ, ನಿಜ. ಆದರೂ ಎಲ್ಲರೂ ಒಂದೇ ಅಚ್ಚಿನಲ್ಲಿ ಹುಟ್ಟುವುದಿಲ್ಲ ಎಂಬುದನ್ನು ಗುಡ್ಡದ ಮೇಲೆ ಒಪ್ಪುವ ನಾವು, ಗುಡ್ಡ ಇಳಿದು ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಅದನ್ನೇಕೆ ಮರೆಯುತ್ತೇವೆ?

ನನ್ನ ತರಗತಿಯಲ್ಲಿ ಕುಳಿತಿದ್ದ ನಿಮ್ಮಲ್ಲಿ ಹಲವರು ಈಗ ಬೀಗರನ್ನು ಹುಡುಕುವ ವಯಸ್ಸಿಗೆ ಬಂದಿದ್ದೀರಿ. ಮಗ ಒಂದರ ಹಿಂದೊಂದು ಸಂಬಂಧವನ್ನು ಬೇಡವೆನ್ನುತ್ತಿದ್ದರೆ ಗದರಿಸಬೇಡಿರಿ, ಆಣೆ ಹಾಕಿಸಬೇಡಿರಿ, ತಾಯಿಯ ಕಣ್ಣೀರನ್ನು ಮುಂದೊಡ್ಡಬೇಡಿರಿ. ಪಕ್ಕದಲ್ಲಿ ಕೂಡ್ರಿಸಿಕೊಂಡು ಕೇಳಿರಿ, ಅವನು ಹೇಳಿದ್ದನ್ನು ಪೂರ್ತಿ ಆಲಿಸಿರಿ. ಅದು ನಿಮ್ಮ ಮನಸ್ಸಿಗೆ ಒಗ್ಗಲು ಕಾಲ ಹಿಡಿಯಬಹುದು; ಹಿಡಿಯಲಿ. ಅಷ್ಟರಲ್ಲಿ ಯಾರದೋ ಮನೆಯ ಮಗಳನ್ನು ಮದ್ದಾಗಿ ಮಾತ್ರ ತರಬೇಡಿರಿ. ಅವಳೂ ನನ್ನ ವಿದ್ಯಾರ್ಥಿನಿಯೇ ಆಗಿರಬಹುದು.